‘ಯಾರು ಮಾಡಿದ್ದು?’ ಅನ್ನುವ ಚಟ ಬಿಡಿಸಿಕೊಳ್ಳಲು ಎರಡು ವರ್ಷ

ಆ ರಾತ್ರಿ ನನ್ನ ಕೈಯಲ್ಲಿ ಇದ್ದದ್ದು 10 ಎಂಎಲ್‌ನ ಒಂದು ಪ್ಲಾಸ್ಟಿಕ್ ಆಂಪೂಲ್, ಅಂದರೆ ಔಷಧದ ಪುಟ್ಟ ಬುಡ್ಡಿ. ಸಲೈನ್ ಅಂದುಕೊಂಡು ಅದರ ತಲೆ ತಿರುಚಿ ಮುರಿದು ಸಿರಿಂಜಿಗೆ ಎಳೆದುಕೊಂಡಿದ್ದೆ. ರೋಗಿಯ ರಕ್ತನಾಳಕ್ಕೆ ಹಾಕಿದ ಕೊಳವೆಯನ್ನು, ಅಂದರೆ ಐವಿ ಲೈನನ್ನು, ಫ್ಲಶ್ ಮಾಡಬೇಕಿತ್ತು, ಅಷ್ಟೇ ಕೆಲಸ. ಮಂಚದ ಪಕ್ಕ ನಿಂತು ಖಾಲಿ ಆಂಪೂಲನ್ನು ಟ್ರೇಗೆ ಹಾಕಿದೆ. ಅದು ಉರುಳಿ ಲೇಬಲ್ ಮೇಲಾಗಿ ನಿಂತಿತು. ಪೊಟ್ಯಾಸಿಯಂ ಕ್ಲೋರೈಡ್.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದು ವಾರ್ಡ್‌ನಲ್ಲಿ ಆಗಾಗ ಬಳಸುವ ಔಷಧವೇ. ಆದರೆ ಡ್ರಿಪ್ ಬಾಟಲಿಗೆ ಬೆರೆಸಿ ನಿಧಾನವಾಗಿ, ಗಂಟೆಗಟ್ಟಲೆ ಕೊಡಬೇಕು. ಬೆರೆಸದೆ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು. ಸಿರಿಂಜಿನಲ್ಲಿ ಸಲೈನೂ ನೀರಿನ ಹಾಗೆ ಕಾಣುತ್ತದೆ, ಇದೂ ನೀರಿನ ಹಾಗೆ ಕಾಣುತ್ತದೆ.

ರೋಗಿಗೆ ಏನೂ ಆಗಲಿಲ್ಲ. ಅವರಿಗೆ ಎಚ್ಚರವೂ ಆಗಲಿಲ್ಲ. ನಾನು ಮಾತ್ರ ಆ ಸಿರಿಂಜನ್ನು ಕೈಯಲ್ಲಿ ಹಿಡಿದುಕೊಂಡೇ ನರ್ಸಿಂಗ್ ಸ್ಟೇಷನ್‌ಗೆ ಬಂದು ಕೂತೆ. ಬೆಳಿಗ್ಗೆ ಇನ್ಸಿಡೆಂಟ್ ರಿಪೋರ್ಟ್ ಬರೆದೆ. ಮರುದಿನವೇ ಫೈಲ್ ಮುಗಿಯಿತು. ಕೊನೇ ಕಾಲಂನಲ್ಲಿ ಒಂದೇ ಸಾಲು: ‘ಸಂಬಂಧಪಟ್ಟ ಸಿಬ್ಬಂದಿಗೆ ಹೆಚ್ಚು ಎಚ್ಚರದಿಂದ ಇರಲು ಸೂಚಿಸಲಾಗಿದೆ.’ ಕೆಳಗೆ ನನ್ನ ಸಹಿ.

ನನಗೆ ಬೇಜಾರಾಗಿದ್ದು ಬೈಸಿಕೊಂಡದ್ದಕ್ಕಲ್ಲ. ಯಾರೂ ಬೈಯಲೂ ಇಲ್ಲ. ಆದರೆ ವಾರ್ಡ್‌ನಲ್ಲಿ ‘ಎಚ್ಚರದ ಸಿಸ್ಟರ್’ ಅಂತ ಹೆಸರಾಗಿದ್ದವಳೇ ನಾನು. ಇನ್ನೂ ಜಾಸ್ತಿ ಎಚ್ಚರ ಅಂದರೆ ಹೇಗಿರಬೇಕು? ಈ ಪ್ರಶ್ನೆ ತಲೆಯಲ್ಲಿ ಕೂತು ಏಳಲೇ ಇಲ್ಲ. ಆರೋಗ್ಯ ಸೇವೆಯ ಗುಣಮಟ್ಟ ಮತ್ತು ರೋಗಿ ಸುರಕ್ಷತೆ ಅಂತ ಒಂದು ಸ್ನಾತಕೋತ್ತರ ಕೋರ್ಸ್ ಇದೆ ಅಂತ ಗೊತ್ತಾದಾಗ ಅರ್ಜಿ ಹಾಕಿದ್ದು ಇದೇ ಕಾರಣಕ್ಕೆ.

ಅರ್ಜಿಯ ಜೊತೆ ‘ಈ ಕೋರ್ಸ್ ಯಾಕೆ ಬೇಕು’ ಅಂತ ಒಂದು ಪುಟ ಬರೆದು ಕೊಡಬೇಕು. ನಾನು ಮೊದಲು ಬರೆದದ್ದು ಯಾರು ಬೇಕಾದರೂ ಬರೆಯಬಹುದಾದ ಪುಟ. ಸೇವೆ, ಸಮರ್ಪಣೆ, ಮನುಕುಲ. ಈ ಕೋರ್ಸ್ ಮುಗಿಸಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಓದಿ, ‘ಇದನ್ನು ಹರಿದು ಹಾಕಮ್ಮ. ಆ ಆಂಪೂಲ್ ಕಥೆ ಬರಿ’ ಅಂದರು. ಬರೆದೆ. ಸಂದರ್ಶನದಲ್ಲಿ ಒಬ್ಬರು ಮೇಡಂ ಆ ಪುಟವನ್ನು ಮುಂದಿಟ್ಟುಕೊಂಡು ಕೇಳಿದ ಮೊದಲ ಪ್ರಶ್ನೆ: ‘ಆ ಆಂಪೂಲ್ ಎಲ್ಲಿತ್ತು?’

ಆ ದಿನದವರೆಗೆ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ‘ಸಲೈನ್ ಪಕ್ಕದ ಗೂಡಿನಲ್ಲೇ ಮೇಡಂ’ ಅಂದೆ. ಹೇಳುತ್ತಲೇ ನನಗೇ ಒಂಥರಾ ಆಯಿತು.

ತರಗತಿಗಳು ಬಹುಪಾಲು ಆನ್‌ಲೈನ್, ಸಂಜೆ ಹೊತ್ತು. ನಡುನಡುವೆ ಕ್ಯಾಂಪಸ್ಸಿಗೆ ಹೋಗಿ ಒಂದೊಂದು ವಾರ ಕೂತು ಓದುವುದು. ಕೆಲಸ ಬಿಡದೆ ಓದಬಹುದು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಓದಬಹುದು. ನಿದ್ದೆ ಮಾತ್ರ ಆಗುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಸಂಭವನೀಯತೆಯ ಲೆಕ್ಕ ಬಿಡಿಸುತ್ತಾ ಪುಸ್ತಕದ ಮೇಲೇ ಮಲಗಿದ ದಿನಗಳಿಗೆ ಲೆಕ್ಕವಿಲ್ಲ. ಅದು ಹಾಗಿರಲಿ.

ನಮ್ಮ ಬ್ಯಾಚಿನಲ್ಲಿ ವೈದ್ಯರು, ನನ್ನಂಥ ನರ್ಸ್‌ಗಳು, ಒಬ್ಬ ಫಾರ್ಮಸಿಸ್ಟ್, ಒಬ್ಬ ಬಯೋಮೆಡಿಕಲ್ ಎಂಜಿನಿಯರ್, ಆಡಳಿತದಿಂದ ಬಂದ ಇಬ್ಬರು ಇದ್ದರು. ಪಠ್ಯಕ್ಕಿಂತ ಇವರ ಜೊತೆಗಿನ ಮಾತಿನಲ್ಲೇ ಅರ್ಧ ಕಲಿತೆ ಅಂದರೆ ಸುಳ್ಳಲ್ಲ. ವಾರ್ಡ್‌ನಲ್ಲಿ ಫಾರ್ಮಸಿ ಅಂದರೆ ನಮಗೆ ಒಂದು ಕಿಟಕಿ. ಅದರ ಆ ಕಡೆ ಏನು ನಡೆಯುತ್ತದೆ ಅಂತ ಎಷ್ಟೋ ವರ್ಷಗಳಲ್ಲಿ ನಾನು ಇಣುಕಿಯೂ ನೋಡಿರಲಿಲ್ಲ.

ನನಗೆ ಭಯ ಇದ್ದದ್ದು ಅಂಕಿಅಂಶಗಳ ಪೇಪರ್ ಬಗ್ಗೆ. ಅದನ್ನು ಓಡಿಸಿದ್ದು ಒಂದು ಡಬ್ಬಿ ಮಣಿ.

ಮೊದಲ ಕ್ಯಾಂಪಸ್ ವಾರದಲ್ಲಿ ಸರ್ ಒಂದು ದೊಡ್ಡ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಬಿಳಿ ಮಣಿ, ಕೆಂಪು ಮಣಿ. ನೂರಕ್ಕೆ 20 ಕೆಂಪು. ಜೊತೆಗೆ 50 ಕುಳಿ ಇರುವ ಒಂದು ಹಲಗೆ. ಅದನ್ನು ಮಣಿಗಳೊಳಗೆ ಅದ್ದಿ ಎತ್ತಿದರೆ 50 ಮಣಿ ಬರುತ್ತವೆ. ಗುಣಮಟ್ಟದ ಗುರು ಅನ್ನಿಸಿಕೊಂಡ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ತಮ್ಮ ಸೆಮಿನಾರ್‌ಗಳಲ್ಲಿ ಆಡಿಸುತ್ತಿದ್ದ ಆಟ ಇದು. ನಾವು ಆರು ಜನ ‘ಕೆಲಸಗಾರರು’. ಬಿಳಿ ಮಣಿ ಒಳ್ಳೆ ಮಾಲು, ಕೆಂಪು ಮಣಿ ಕೆಟ್ಟ ಮಾಲು. ಕೆಂಪು ಬರಬಾರದು, ಅಷ್ಟೇ ನಿಯಮ.

ನನಗೆ ಮೊದಲ ಸಲ 14 ಕೆಂಪು ಬಂತು. ಸರ್ ಎಲ್ಲರೆದುರು ಬೈದರು. ಆಟ ಅಂತ ಗೊತ್ತಿದ್ದರೂ ಕಿವಿ ಬಿಸಿಯಾಯಿತು. ಎರಡನೇ ಸಲ ಹಲಗೆಯನ್ನು ನಿಧಾನವಾಗಿ, ಓರೆಯಾಗಿ, ಉಸಿರು ಬಿಗಿಹಿಡಿದು ಎತ್ತಿದೆ. 7 ಬಂತು. ‘ನೋಡಿ, ಒಂದು ಮಾತು ಬೈದದ್ದಕ್ಕೆ ಎಷ್ಟು ಸುಧಾರಿಸಿದ್ದಾರೆ’ ಅಂತ ಚಪ್ಪಾಳೆ ಹೊಡೆಸಿದರು. ಫಾರ್ಮಸಿಸ್ಟ್‌ಗೆ ಮೊದಲು 6, ಆಮೇಲೆ 12. ‘ಹೊಗಳಿದರೆ ಹೀಗೇ, ತಲೆಗೇರುತ್ತದೆ’ ಅಂದರು. ನಾನು ನಿಜವಾಗಲೂ ಹಲಗೆ ಓರೆ ಮಾಡಿದ್ದಕ್ಕೇ ಕಡಿಮೆ ಬಂತು ಅಂತ ನಂಬಿಬಿಟ್ಟಿದ್ದೆ. ಪಕ್ಕದವರಿಗೆ ಸಲಹೆಯನ್ನೂ ಕೊಟ್ಟೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಆಮೇಲೆ ಸರ್ ಎಲ್ಲರ ಅಂಕಿಗಳನ್ನೂ ಬೋರ್ಡ್ ಮೇಲೆ ಚುಕ್ಕಿ ಇಟ್ಟು, ನಡುವೆ ಒಂದು ಗೆರೆ, ಮೇಲೊಂದು, ಕೆಳಗೊಂದು ಗೆರೆ ಎಳೆದರು. ಕಂಟ್ರೋಲ್ ಚಾರ್ಟ್. 1924ರಲ್ಲಿ ವಾಲ್ಟರ್ ಶೂಹಾರ್ಟ್ ಟೆಲಿಫೋನ್ ಸಾಮಾನು ತಯಾರಿಸುವ ಕಂಪನಿಗಾಗಿ ಮಾಡಿಕೊಟ್ಟ ವಿಧಾನ. ನಮ್ಮ ಡಬ್ಬಿಯ ಲೆಕ್ಕಕ್ಕೆ ನಡುಗೆರೆ ಹತ್ತರ ಹತ್ತಿರ, ಕೆಳಗಿನದು 2ರ ಹತ್ತಿರ, ಮೇಲಿನದು 18ರ ಆಸುಪಾಸು. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವಿನ ಏರಿಳಿತ ಬರೀ ಆಕಸ್ಮಿಕ. ಹಾಗಾಗಿ ನನ್ನ 14ಕ್ಕೂ ಅರ್ಥವಿರಲಿಲ್ಲ, 7ಕ್ಕೂ ಇರಲಿಲ್ಲ. ಡಬ್ಬಿಯಲ್ಲೇ ನೂರಕ್ಕೆ 20 ಕೆಂಪು ಇರುವಾಗ ಕೈ ಎಷ್ಟು ಚೆನ್ನಾಗಿದ್ದರೇನು?

ನಮ್ಮ ವಾರ್ಡ್‌ನ ಗೋಡೆ ನೆನಪಾಯಿತು. ಪ್ರತಿ ತಿಂಗಳು ಎಷ್ಟು ರೋಗಿಗಳು ಬಿದ್ದರು ಅನ್ನುವ ಅಂಕಿಯನ್ನು ಅಲ್ಲಿ ಬರೆಯುತ್ತಿದ್ದರು. ಎರಡಿದ್ದದ್ದು ನಾಲ್ಕಾದರೆ ಮೀಟಿಂಗ್ ಕರೆದು ಬುದ್ಧಿ ಹೇಳುವುದು, ನಾಲ್ಕಿದ್ದದ್ದು ಎರಡಾದರೆ ಅಭಿನಂದನೆ. ಅಷ್ಟು ವರ್ಷ ನಾವು ಮಣಿ ಆಟವನ್ನೇ ಆಡಿದ್ದೆವಲ್ಲ.

ಇದಾದ ಮೇಲೆ ಲೆಕ್ಕ ಕಷ್ಟ ಅನ್ನಿಸಲಿಲ್ಲ ಅಂದರೆ ಉತ್ಪ್ರೇಕ್ಷೆ. ಕಷ್ಟವೇ ಇತ್ತು. ಆದರೆ ಯಾತಕ್ಕೆ ಮಾಡುತ್ತಿದ್ದೇನೆ ಅಂತ ಗೊತ್ತಿತ್ತು. ನಡುಗೆರೆಯ ಒಂದೇ ಕಡೆ ಸಾಲಾಗಿ ಎಂಟು ಚುಕ್ಕಿ ಬಿದ್ದರೆ ಏನೋ ಬದಲಾಗಿದೆ ಅಂತ ಕಣ್ಣರಳಿಸಬಹುದು ಅನ್ನುವುದು ಈಗಲೂ ನನಗೆ ದಿನನಿತ್ಯದ ಸಾಮಾನು.

ಎರಡನೇ ಸೆಮಿಸ್ಟರ್‌ನಲ್ಲಿ ರೂಟ್ ಕಾಸ್ ಅನಾಲಿಸಿಸ್, ಅಂದರೆ ಒಂದು ಅನಾಹುತದ ಬೇರು ಹುಡುಕುವುದು. ಅವರವರ ಅನುಭವದ್ದೇ ಒಂದು ಘಟನೆ ಬರೆಯಿರಿ ಅಂದರು. ನನ್ನದು ಯಾವುದು ಅಂತ ಹೇಳಬೇಕಾಗಿಲ್ಲ. ಏಳು ಪುಟ ಬರೆದು, ಒಳ್ಳೆ ಅಂಕ ಬರುತ್ತದೆ ಅಂದುಕೊಂಡಿದ್ದೆ. ಸಂದರ್ಶನದಲ್ಲಿ ಇದ್ದ ಅದೇ ಮೇಡಂ ತಿದ್ದಿ ಕಳಿಸಿದರು. ತುಂಬಾ ಕೆಂಪು. ‘ಲೇಬಲ್ ಓದಬೇಕಿತ್ತು’ ಅನ್ನುವ ವಾಕ್ಯಕ್ಕೆ ಅಡ್ಡಗೆರೆ. ‘ಅಜಾಗರೂಕತೆಯಿಂದ’ ಅನ್ನುವ ಪದಕ್ಕೆ ಅಡ್ಡಗೆರೆ. ‘ಗಮನ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ’ಕ್ಕೂ ಅಡ್ಡಗೆರೆ. ಪಕ್ಕದಲ್ಲಿ ಬರೆದಿದ್ದರು: ‘ಇವೆಲ್ಲ ಆಗದೇ ಇದ್ದದ್ದರ ವರ್ಣನೆ. ಆದದ್ದು ಏನು?’

ಮತ್ತೆ ಬರೆಯಿಸಿದರು. ರಾತ್ರಿ ಹನ್ನೆರಡರಿಂದ ಆ ಕ್ಷಣದವರೆಗೆ ಕಣ್ಣಿಗೆ ಏನು ಕಂಡಿತು, ಕಿವಿಗೆ ಏನು ಬಿತ್ತು, ಕೈ ಎಲ್ಲಿಗೆ ಹೋಯಿತು, ಅಷ್ಟು ಮಾತ್ರ. ಬರೆಯುತ್ತಾ ಹೋದ ಹಾಗೆ ಒಂದೊಂದೇ ಹೊರಬಂತು. ರೋಗಿಗಳ ನಿದ್ದೆಗೆ ಅಂತ ದೀಪ ಮಂದ ಮಾಡಿದ್ದೆವು. ಔಷಧ ತೆಗೆಯುವಾಗ ಟ್ರಾಲಿ ಪಕ್ಕದ ಫೋನ್ ಬಡಿದುಕೊಳ್ಳುತ್ತಿತ್ತು, ಎತ್ತಿ ಮಾತಾಡಿ ಇಟ್ಟೆ. ಗೂಡಿನ ಮೇಲಿನ ಸ್ಟಿಕರ್ ಅರ್ಧ ಕಿತ್ತುಹೋಗಿತ್ತು. ಆ ವಾರ ಬಂದ ಸಲೈನ್ ಬೇರೆ ಕಂಪನಿಯದು. ಹಿಂದಿನದರ ಮುಚ್ಚಳ ಬೇರೆ ಬಣ್ಣ. ಇದರದು ಪೊಟ್ಯಾಸಿಯಂ ಆಂಪೂಲಿನ ಬಣ್ಣವೇ. ನಾನು ಎಂದಿನಂತೆ ಆಕಾರ, ಬಣ್ಣ, ಜಾಗ ನೋಡಿ ಕೈ ಹಾಕಿದ್ದೆ. ಎಲ್ಲರೂ ಹಾಗೇ ಮಾಡುವುದು. ಸಾವಿರ ಸಲ ಸರಿಹೋಗಿತ್ತು.

ಇದನ್ನು ತರಗತಿಯಲ್ಲಿ ಓದಿದಾಗ ಫಾರ್ಮಸಿಸ್ಟ್ ತಲೆ ಆಡಿಸಿದರು. ‘ಸ್ಟಾಕ್ ಇಲ್ಲ ಅಂದರೆ ಖರೀದಿ ವಿಭಾಗ ಬೇರೆ ಕಂಪನಿಯದ್ದು ತರಿಸುತ್ತೆ. ಔಷಧ ಅದೇ, ಹಾಗಾಗಿ ವಾರ್ಡಿಗೆ ಹೇಳಬೇಕು ಅಂತ ನಮಗೂ ಹೊಳೆಯಲ್ಲ’ ಅಂದರು. ಎಂಜಿನಿಯರ್ ಇನ್ನೊಂದು ಮಾತು ಹೇಳಿದರು. ಅರಿವಳಿಕೆ ಯಂತ್ರದಲ್ಲಿ ಆಕ್ಸಿಜನ್ ಸಿಲಿಂಡರ್ ಕೂರುವ ಜಾಗದಲ್ಲಿ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಕೂರುವುದೇ ಇಲ್ಲ. ಒಂದೊಂದು ಅನಿಲಕ್ಕೂ ಪಿನ್‌ಗಳ ಜಾಗ ಬೇರೆ ಬೇರೆ. ನಿದ್ದೆಗಣ್ಣಿನಲ್ಲಿದ್ದವರು ಕೂರಿಸಲು ಹೋದರೂ ಸುಮ್ನೆ ಕೂರಲ್ಲ. ‘ನಿಮ್ಮ ಟ್ರಾಲಿಯಲ್ಲಿ ಅಂಥದ್ದು ಏನಿದೆ ಸಿಸ್ಟರ್?’ ಅಂತ ಕೇಳಿದರು. ಏನೂ ಇರಲಿಲ್ಲ. ಎಚ್ಚರವೊಂದೇ ಇತ್ತು.

ಪರಿಹಾರಗಳಿಗೂ ಬಲಾಬಲ ಇದೆ ಅಂತ ಅಲ್ಲೇ ಕಲಿತದ್ದು. ಸುತ್ತೋಲೆ, ತರಬೇತಿ, ‘ಎಚ್ಚರದಿಂದಿರಿ’ ಇವೆಲ್ಲ ದುರ್ಬಲ. ಚೆಕ್‌ಲಿಸ್ಟ್, ಇಬ್ಬರು ಸೇರಿ ನೋಡುವುದು ನಡುವಿನವು. ತಪ್ಪು ಮಾಡಲಿಕ್ಕೇ ಆಗದ ಹಾಗೆ ವಸ್ತುವನ್ನು, ಜಾಗವನ್ನು ಬದಲಾಯಿಸುವುದು ಬಲವಾದದ್ದು. ಗಾಢ ಪೊಟ್ಯಾಸಿಯಂ ಆಂಪೂಲನ್ನು ಸಾಮಾನ್ಯ ವಾರ್ಡ್‌ಗಳಲ್ಲಿ ಇಡಲೇಬೇಡಿ, ಬೆರೆಸಿದ ಬಾಟಲಿಯನ್ನೇ ಕಳಿಸಿ ಅನ್ನುವ ಸಲಹೆ ಹಳೆಯದು. ಎಷ್ಟೋ ಕಡೆ ಜಾರಿಯಲ್ಲೂ ಇದೆ. ನಾನು ಸಹಿ ಹಾಕಿದ ಆ ಸಾಲು ಪಟ್ಟಿಯ ಅತಿ ಕೆಳಗಿನ ಮೆಟ್ಟಿಲಿನದು.

ಓದಬೇಕಾದ್ದು ಬೆಟ್ಟದಷ್ಟಿತ್ತು. ಎಲ್ಲವನ್ನೂ ಹೇಳಲು ಹೋಗುವುದಿಲ್ಲ. ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಅಂತ ಮೂರು ಭಾಗ ಮಾಡಿ ನೋಡಬೇಕು ಅಂದ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬರೆದ ಲೇಖನ ಇವತ್ತಿಗೂ ತಾಜಾ. ಒಂದೊಂದು ರಕ್ಷಣೆಯಲ್ಲೂ ತೂತು ಇರುತ್ತದೆ, ತೂತುಗಳೆಲ್ಲ ಒಂದೇ ಸಾಲಿಗೆ ಬಂದಾಗ ಅನಾಹುತ ಆಗುತ್ತದೆ ಅಂತ ತೋರಿಸುವ, ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರ ತೂತುಬಿದ್ದ ಚೀಸ್ ಹೋಳುಗಳ ಚಿತ್ರವನ್ನು ಮಾತ್ರ ಎಷ್ಟು ಸ್ಲೈಡ್‌ಗಳಲ್ಲಿ ನೋಡಿದೆನೋ, ಕೊನೆಗೆ ಕಣ್ಣಿಗೆ ಅಭ್ಯಾಸವಾಗಿ ಏನೂ ಹೇಳದಂತಾಯಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ಅಂದಾಜಿನ ಮೇಲೆ ಒಂದು ಇಡೀ ಸಂಜೆ ಜಗಳ ನಡೆಯಿತು. ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ವೈದ್ಯಕೀಯ ತಪ್ಪುಗಳಿಂದ ಸಾಯುತ್ತಾರೆ ಅನ್ನುವ ಲೆಕ್ಕ ಅದು. ಕೇಸ್ ಶೀಟ್ ಓದಿ ‘ಇದು ತಪ್ಪಿಸಬಹುದಾದ ಸಾವು’ ಅಂತ ತೀರ್ಮಾನಿಸುವುದು ಎಷ್ಟು ಸರಿ ಅಂತ ವೈದ್ಯರು ಒಂದು ಕಡೆ, ನಾವು ಇನ್ನೊಂದು ಕಡೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚೆಕ್‌ಲಿಸ್ಟ್‌ಗಳ ಕಥೆ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ವೈದ್ಯ ಪೀಟರ್ ಪ್ರೊನೊವೋಸ್ಟ್ ಅವರ ತಂಡ, ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಗೆ, ಅಂದರೆ ಸೆಂಟ್ರಲ್ ಲೈನ್‌ಗೆ, ಐದು ಅಂಶಗಳನ್ನು ಜಾರಿ ಮಾಡಿತು. ಕೈ ತೊಳೆಯುವುದು, ಲೈನ್ ಹಾಕುವಾಗ ರೋಗಿಯನ್ನು ಶುದ್ಧೀಕರಿಸಿದ ಬಟ್ಟೆಯಿಂದ ಪೂರ್ತಿ ಮುಚ್ಚುವುದು, ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಾಶಕದಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆಯ ನಾಳ ಬಳಸದೇ ಇರುವುದು, ಬೇಡವಾದ ಲೈನನ್ನು ಬೇಗ ತೆಗೆಯುವುದು. ಹೊಸದೇನೂ ಇಲ್ಲ. ಆದರೂ ಸೆಂಟ್ರಲ್ ಲೈನ್ ಸೋಂಕಿನ ಮಧ್ಯಾಂಕ 1000 ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) 2.7 ಇದ್ದದ್ದು ಮೂರೇ ತಿಂಗಳಲ್ಲಿ ಸೊನ್ನೆಗೆ ಬಂತು. 2006ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸೆ ಚೆಕ್‌ಲಿಸ್ಟ್‌ನದೂ ಹಾಗೇ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು ಅಂತ 2009ರ ವರದಿ ಹೇಳಿತು. ಸರಿ, ಗೆದ್ದೆವು ಅಂದುಕೊಳ್ಳುವಾಗ ಮೇಡಂ 2014ರ ಇನ್ನೊಂದು ಪೇಪರ್ ಓದಲು ಕೊಟ್ಟರು. ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳು ಚೆಕ್‌ಲಿಸ್ಟ್ ಜಾರಿ ಮಾಡಿದವು. ಸಾವಿನಲ್ಲೂ ತೊಡಕಿನಲ್ಲೂ ಗಮನಿಸುವಂಥ ಇಳಿಕೆ ಸಿಗಲಿಲ್ಲ.

ಯಾಕೆ? ಅದರ ಮೇಲೆ ಬೇಕಾದಷ್ಟು ವಾದ ಇದೆ. ನನಗೆ ಒಪ್ಪಿಗೆಯಾದ ಉತ್ತರ ಇದು: ಮಿಷಿಗನ್‌ನಲ್ಲಿ ಬರೀ ಹಾಳೆ ಹಂಚಿರಲಿಲ್ಲ. ವೈದ್ಯರು ಒಂದು ಹೆಜ್ಜೆ ಬಿಟ್ಟರೆ ನರ್ಸ್ ‘ನಿಲ್ಲಿಸಿ’ ಅನ್ನಬಹುದಿತ್ತು. ಅನ್ನುವವರ ಬೆನ್ನಿಗೆ ಮೇಲಿನವರು ನಿಂತಿದ್ದರು. ಹಾಳೆಗೆ ಟಿಕ್ ಹಾಕುವುದನ್ನು ನಾನೂ ನೋಡಿದ್ದೇನೆ, ಹಾಕಿಯೂ ಇದ್ದೇನೆ. ಆಪರೇಷನ್ ಮುಗಿದ ಮೇಲೆ ಸಾಲಾಗಿ, ಒಂದೇ ಪೆನ್ನಿನಲ್ಲಿ.

ಕೊನೇ ವರ್ಷ ಪ್ರಾಜೆಕ್ಟ್. ಔಷಧ ಸಿದ್ಧ ಮಾಡುವಾಗ ಆಗುವ ಅಡಚಣೆಗಳನ್ನು ಕಡಿಮೆ ಮಾಡುತ್ತೇನೆ ಅಂತ ಹೊರಟೆ. ಇದು ಸಂಶೋಧನೆಯೋ ಗುಣಮಟ್ಟ ಸುಧಾರಣೆಯೋ ಅಂತ ತೀರ್ಮಾನವಾಗಲು ಎಥಿಕ್ಸ್ ಕಮಿಟಿಯಲ್ಲಿ ವಾರಗಟ್ಟಲೆ ಹೋಯಿತು. ಪ್ರಾಜೆಕ್ಟ್ ಮಾಡುವವರು ಆ ಕಾಗದವನ್ನು ಆದಷ್ಟು ಬೇಗ ಕೊಡಿ, ಬೇರೇನೂ ಹೇಳಲ್ಲ.

ನನ್ನ ಮೊದಲ ಯೋಜನೆ ಕೆಂಪು ಜಾಕೆಟ್. ಔಷಧ ಕೊಡುವ ನರ್ಸ್ ‘ಮಾತಾಡಿಸಬೇಡಿ’ ಅಂತ ಬರೆದ ಜಾಕೆಟ್ ಹಾಕಿಕೊಳ್ಳುವುದು. ಬೇರೆ ದೇಶಗಳಲ್ಲಿ ಪ್ರಯತ್ನಿಸಿದ್ದಾರೆ ಅಂತ ಓದಿದ್ದೆ. ಒಬ್ಬ ಸಿಸ್ಟರ್, ಒಂದು ಶಿಫ್ಟ್, ಒಂದೇ ದಿನ ಹಾಕಿ ನೋಡೋಣ ಅಂದುಕೊಂಡೆವು. ಸುಧಾರಣೆಯ ಪ್ರಯೋಗವನ್ನು ಹಾಗೇ ಸಣ್ಣದಾಗಿ ಶುರು ಮಾಡಬೇಕು ಅಂತ ಕಲಿಸಿದ್ದರು. ಮಧ್ಯಾಹ್ನದೊಳಗೆ ಆಕೆ ಜಾಕೆಟ್ ಮಡಚಿ ನನ್ನ ಕೈಗಿಟ್ಟಳು. ‘ಅಕ್ಕ, ಸೆಕೆ. ಅದೂ ಅಲ್ದೆ ಇದ್ಯಾಕೆ ಹಾಕ್ಕೊಂಡಿದೀರಿ ಅಂತ ಕೇಳೋಕೇ ಎಲ್ರೂ ನಿಲ್ಲಿಸ್ತಾರೆ.’

ಆಮೇಲೆ ಮಾಡಬೇಕಾಗಿದ್ದನ್ನು ಮೊದಲೇ ಮಾಡಬೇಕಿತ್ತು. (ಮೇಡಂ ಈ ವಾಕ್ಯಕ್ಕೂ ಅಡ್ಡಗೆರೆ ಹಾಕುತ್ತಿದ್ದರು.) ಒಂದು ಕಾಗದ ಹಿಡಿದು ಟ್ರಾಲಿಯಿಂದ ನಾಲ್ಕು ಹೆಜ್ಜೆ ದೂರ ನಿಂತು ಗೀಟು ಹಾಕಿದೆ. ಒಂದು ಸುತ್ತು ಔಷಧ ಕೊಡುವುದರೊಳಗೆ 19 ಗೀಟು. ರೋಗಿಗಳ ಕಡೆಯವರೇ ಜಾಸ್ತಿ ಇರುತ್ತಾರೆ ಅಂತ ನನ್ನ ಊಹೆ. ಅವರದು ನಾಲ್ಕೇ. ಫೋನಿನದು ಎಂಟು. ಮಿಕ್ಕಿದ್ದೆಲ್ಲ ನಮ್ಮವರೇ, ಕೀ ಎಲ್ಲಿ, ಫೈಲ್ ಎಲ್ಲಿ ಅಂತ. ಫೋನ್ ಟ್ರಾಲಿ ನಿಲ್ಲಿಸುವ ಗೋಡೆಯಲ್ಲೇ ಇತ್ತು. ಆ ರಾತ್ರಿ ಬಡಿದುಕೊಂಡದ್ದೂ ಅದೇ ಫೋನ್. ಎರಡು ವರ್ಷ ಓದಿಯೂ ನನಗೆ ಅದು ಕಂಡಿರಲಿಲ್ಲ.

ಫೋನನ್ನು ಸ್ಟೇಷನ್‌ನ ಆ ತುದಿಗೆ ಹಾಕಿಸಿದೆವು. ಕೀಗೆ ಒಂದು ಕೊಕ್ಕೆ. ವಾರ ಕಳೆದಂತೆ ಚುಕ್ಕಿಗಳು ಇಳಿದವು. ನಾನು ನಿಂತು ನೋಡುತ್ತಿರುವುದಕ್ಕೇ ಜನ ಸುಮ್ಮನಿರುತ್ತಾರೋ ಏನೋ ಅಂತ ಅನುಮಾನ ಬಂದು, ಕೆಲವು ದಿನ ಬೇರೆಯವರಿಂದ ಎಣಿಸಿದೆವು. ಆಗಲೂ ಕೆಳಗೇ ಇತ್ತು. ಸಾಲಾಗಿ ಎಂಟು ಚುಕ್ಕಿ ನಡುಗೆರೆಯ ಕೆಳಗೆ ಬಿದ್ದ ದಿನ ಆ ಹಾಳೆಯ ಫೋಟೋ ತೆಗೆದು ಬ್ಯಾಚಿನವರಿಗೆಲ್ಲ ಕಳಿಸಿದೆ.

ಫಾರ್ಮಸಿಸ್ಟ್ ಉತ್ತರ ಬಂತು: ‘ಫೋನ್ ಯಾರು ಎತ್ತುತ್ತಿದ್ದಾರೆ?’

ಅಲ್ವಾ! ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಏನು ಕೆಟ್ಟಿತು ಅಂತಲೂ ಅಳೆಯಬೇಕು ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವಳು ನಾನು. ಹೋಗಿ ಕೇಳಿದರೆ, ಲ್ಯಾಬ್‌ನವರು ರೋಗಿಗೆ ಅಪಾಯವಿದೆ ಅಂತ ತೋರಿಸುವ ತುರ್ತು ರಿಪೋರ್ಟ್ ಹೇಳಲು ಫೋನ್ ಮಾಡಿದರೆ ಎತ್ತುವವರಿಲ್ಲ, ಎರಡು ಮೂರು ಸಲ ಮಾಡಬೇಕಾಗಿದೆ ಅಂತ ಗೊಣಗುತ್ತಿದ್ದರು. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಕೂರಿಸಿದ್ದೆ. ಔಷಧದ ಹೊತ್ತಿನಲ್ಲಿ ಫೋನ್ ಯಾರ ಹೊಣೆ ಅಂತ ಪ್ರತಿ ಶಿಫ್ಟ್‌ಗೂ ಒಬ್ಬರ ಹೆಸರು ಬೋರ್ಡ್ ಮೇಲೆ ಬರೆಯುವ ಏರ್ಪಾಡು ಆಮೇಲೆ ಬಂತು.

ಇನ್ನೊಂದು ತಮಾಷೆ. ಪ್ರಾಜೆಕ್ಟ್ ನಡೆದ ತಿಂಗಳುಗಳಲ್ಲಿ ವಾರ್ಡ್‌ನ ಇನ್ಸಿಡೆಂಟ್ ರಿಪೋರ್ಟ್‌ಗಳು ಏರಿದವು. ಇನ್‌ಚಾರ್ಜ್ ಸಿಸ್ಟರ್‌ಗೆ ಗಾಬರಿ, ‘ನಿನ್ನ ಪ್ರಾಜೆಕ್ಟ್ ಬಂದ ಮೇಲೇ ತಪ್ಪು ಜಾಸ್ತಿ ಆಯ್ತಲ್ಲೇ’ ಅಂದರು. ಎಲ್ಲವನ್ನೂ ಕೂತು ಓದಿದೆ. ಬಹುತೇಕ ‘ಕೊಡುವ ಮೊದಲೇ ಗೊತ್ತಾಯಿತು’ ಅನ್ನುವಂಥವು. ಹಿಂದೆ ಯಾರೂ ಬರೆಯುತ್ತಲೇ ಇರಲಿಲ್ಲ. ಬರೆದವರಿಗೆ ಸೂಚನೆ ಬರುವುದು ನಿಂತಿದ್ದಕ್ಕೆ ಬರೆಯತೊಡಗಿದ್ದರು. ಹಾಗಂತ ಔಷಧದ ತಪ್ಪುಗಳು ನಿಜಕ್ಕೂ ಇಳಿದವು ಅಂತ ನನ್ನ ಅಂಕಿಗಳಿಂದ ಹೇಳಲಾಗಲಿಲ್ಲ. ಅಡಚಣೆ ಇಳಿಯಿತು, ಅಷ್ಟು ಹೇಳಬಲ್ಲೆ. ಪ್ರಬಂಧದಲ್ಲೂ ಅಷ್ಟೇ ಬರೆದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಚಾರ್ಟ್‌ಗಳನ್ನು ಬೇಗ ಬೇಗ ತಿರುವಿ ಹಾಕಿದರು. ಒಂದೇ ಪ್ರಶ್ನೆಯ ಮೇಲೆ ನಿಂತರು. ‘ಡೇಟಾ ತಗೊಂಡು ನಾಲ್ಕು ತಿಂಗಳಾಯಿತಲ್ಲ. ಆ ಫೋನ್ ಈಗಲೂ ಅಲ್ಲೇ ಇದೆಯಾ?’

‘ಇದೆ ಸರ್’ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಾನು ಬೇರೆ ವಿಭಾಗಕ್ಕೆ ವರ್ಗವಾಗಿದ್ದೆ. ‘ನೋಡಿಲ್ಲ ಸರ್’ ಅಂದೆ. ‘ನೋಡಿ’ ಅಂದರು.

ಮರುದಿನ ಹೋದೆ. ಫೋನ್ ಹಾಕಿಸಿದ ಜಾಗದಲ್ಲೇ ಇತ್ತು, ಸ್ಟೇಷನ್‌ನ ಆ ತುದಿಯಲ್ಲಿ. ಅದರ ಸರಿಯಾಗಿ ಕೆಳಗೆ ಔಷಧದ ಟ್ರಾಲಿ ನಿಂತಿತ್ತು. ಟ್ರಾಲಿಗೆ ಹೊಸದಾಗಿ ಒಂದು ಕಂಪ್ಯೂಟರ್ ಕೂರಿಸಿದ್ದರು. ಎಳೆ ವಯಸ್ಸಿನ ಸಿಸ್ಟರ್ ಒಬ್ಬಳು ಒಂದು ಕೈಯಲ್ಲಿ ಸಿರಿಂಜ್ ಹಿಡಿದು, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಿದ್ದಳು.

ಅವಳು ಫೋನ್ ಇಡುವವರೆಗೆ ಕಾದೆ. ಆಮೇಲೆ ಎರಡು ವರ್ಷದ ಓದು, ಏಳು ಪುಟದ ಕೆಂಪು ಗೆರೆಗಳು, ಡಬ್ಬಿ ತುಂಬ ಮಣಿ ಎಲ್ಲವನ್ನೂ ದಾಟಿಕೊಂಡು ನನ್ನ ಬಾಯಿಂದ ಮೊದಲು ಬಂದ ಮಾತು: ‘ಈ ಟ್ರಾಲಿ ಇಲ್ಲಿ ಯಾರಮ್ಮ ತಂದಿಟ್ಟಿದ್ದು?’

ಅವಳು ಮುಖ ಸಣ್ಣ ಮಾಡಿಕೊಂಡಳು. ‘ನಾನಲ್ಲ ಸಿಸ್ಟರ್’ ಅಂದಳು. ನಾನು ನಾಲಿಗೆ ಕಚ್ಚಿಕೊಂಡು, ‘ಅಲ್ಲಮ್ಮ, ಯಾರು ಅಂತಲ್ಲ. ಯಾಕೆ ಇಲ್ಲಿಗೆ ಬಂತು?’ ಅಂದೆ.

ಅವಳು ಬಗ್ಗಿ, ಟ್ರಾಲಿಯ ಹಿಂದಿನ ಗೋಡೆಯನ್ನು ತೋರಿಸಿದಳು. ‘ಚಾರ್ಜಿಂಗ್ ಪಾಯಿಂಟ್ ಇಲ್ಲೊಂದೇ ಇರೋದು ಸಿಸ್ಟರ್.’